ಕುಂಜುಮ್ ದಾರಿಯ ಮೊದಲ ಹಿಮ

ದಸರಾ ರಜೆ ಬಂತೆಂದರೆ ಕರ್ನಾಟಕದ ಎಷ್ಟೋ ಕುಟುಂಬಗಳು ಮನಾಲಿಯತ್ತ ಹೊರಡುತ್ತವೆ. ಅಲ್ಲಿಂದ ಗಾಡಿ ಮಾಡಿಕೊಂಡು ಸ್ಪಿತಿ ಕಣಿವೆಯ ಕಾಜಾ ನೋಡಿಬರುವ ಆಸೆ ಹಲವರಿಗೆ. 2020ರ ಅಕ್ಟೋಬರ್‌ನಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಹತ್ತುವ ತಾಪತ್ರಯ ತಪ್ಪಿದೆ, ನಿಜ. ಆದರೆ ಸುರಂಗದಾಚೆ ಗ್ರಾಂಫೂ, ಛತ್ರು, ಬಾತಲ್ ಹಾದು ಕುಂಜುಮ್ ಘಟ್ಟವನ್ನು ಏರಲೇಬೇಕು. ಅದರ ಎತ್ತರ ಸುಮಾರು 4,550 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಹೆಚ್ಚು. ದಾರಿಯ ಬಹುಭಾಗ ಕಲ್ಲು, ಮಣ್ಣು, ಅಡ್ಡ ಹರಿಯುವ ತೊರೆಗಳು.

2018ರ ಸೆಪ್ಟೆಂಬರ್ ನಾಲ್ಕನೆಯ ವಾರ ಇದೇ ಲಾಹೌಲ್-ಸ್ಪಿತಿಯಲ್ಲಿ ಎಣಿಸದ ಹೊತ್ತಿನಲ್ಲಿ ಹಿಮ ಸುರಿಯಿತು. ನೂರಾರು ಜನ ದಾರಿ ಮಧ್ಯೆ ಸಿಕ್ಕಿಬಿದ್ದರು. ವಾಯುಪಡೆಯ ಹೆಲಿಕಾಪ್ಟರ್‌ಗಳು ಹೋಗಿ ಕರೆತರಬೇಕಾಯಿತು. ಅದು ಚಳಿಗಾಲವಲ್ಲ, ಕ್ಯಾಲೆಂಡರ್ ನೋಡಿ ಹೊರಟವರದು ತಪ್ಪು ಎನ್ನುವಂತೆಯೂ ಇರಲಿಲ್ಲ.

ಮೇಲೇರಿದಂತೆ ಗಾಳಿಯ ಉಷ್ಣತೆ ಪ್ರತಿ ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆಂದು ವಿದ್ಯಾರ್ಥಿಗಳು ಓದಿರುತ್ತಾರೆ. ಮನಾಲಿ ಇರುವುದು ಸುಮಾರು 2,050 ಮೀಟರಿನಲ್ಲಿ. ಕುಂಜುಮ್ ಅದಕ್ಕಿಂತ ಎರಡೂವರೆ ಕಿಲೋಮೀಟರ್ ಮೇಲೆ, ಅಂದರೆ ಸುಮಾರು 16 ಡಿಗ್ರಿ ತಣ್ಣಗೆ. ಮನಾಲಿಯಲ್ಲಿ 12 ಡಿಗ್ರಿಯ ಜಡಿಮಳೆ ಎಂದರೆ ಘಟ್ಟದ ಮೇಲೆ ಹಿಮವೆಂದೇ ಲೆಕ್ಕ. ಹೋಟೆಲಿನ ಕಿಟಕಿಯಿಂದ ಮಳೆ ನೋಡುತ್ತಿರುವವರಿಗೆ ಇದು ಹೊಳೆಯುವುದಿಲ್ಲ.

ಈ ಮೊದಲ ಹಿಮಕ್ಕೂ ಜನವರಿಯ ಹಿಮಕ್ಕೂ ಬಹಳ ವ್ಯತ್ಯಾಸವಿದೆ. ಬೇಸಿಗೆಯ ಬಿಸಿಲುಂಡ ನೆಲ ಇನ್ನೂ ಬೆಚ್ಚಗಿರುತ್ತದೆ. ಬಿದ್ದ ಹಿಮ ತಳದಿಂದಲೇ ಕರಗಿ ರಸ್ತೆ ಒದ್ದೆಯಾಗುತ್ತದೆ. ಹಗಲಿನ ಬಿಸಿಲು ಇನ್ನಷ್ಟು ಕರಗಿಸುತ್ತದೆ. ರಾತ್ರಿ ಆಕಾಶ ತಿಳಿಯಾದರೆ ನೆಲದ ಶಾಖ ಬೇಗ ಹೊರಟುಹೋಗಿ, ಆ ನೀರೆಲ್ಲ ತೆಳ್ಳನೆಯ ಗಾಜಿನಂಥ ಮಂಜುಗಡ್ಡೆಯಾಗುತ್ತದೆ. ಬೆಳ್ಳಗಿನ ಹಿಮವಾದರೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಚಾಲಕನಿಗೆ ಬರೀ ಒದ್ದೆ ರಸ್ತೆಯಂತೆ ತೋರುತ್ತದೆ. ಬಿಸಿಲು ಬಿದ್ದ ತಿರುವಿನಲ್ಲಿ ಕೆಸರು, ಮುಂದಿನ ನೆರಳಿನ ತಿರುವಿನಲ್ಲಿ ಗಾಜು!

ಮಂಜುಗಡ್ಡೆ ಯಾಕೆ ಜಾರುತ್ತದೆ? ಒತ್ತಡದಿಂದ ಕರಗುತ್ತದೆ, ಕರಗಿದ ನೀರಿನ ಮೇಲೆ ಜಾರುತ್ತದೆ ಎಂಬ ಉತ್ತರವನ್ನು ತಲೆಮಾರುಗಳಿಂದ ಬಾಯಿಪಾಠ ಮಾಡಿಸಲಾಗಿದೆ. ಲೆಕ್ಕ ಹಾಕಿ ನೋಡಿದವರು ಕಡಿಮೆ. ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚಿದರೆ ಮಂಜುಗಡ್ಡೆಯ ಕರಗುವ ಬಿಂದು ಇಳಿಯುವುದು ಸುಮಾರು 0.0075 ಡಿಗ್ರಿ ಮಾತ್ರ. ಕಾರಿನ ಟೈರು ನೆಲವನ್ನು ಒತ್ತುವುದು ಎರಡು ವಾಯುಮಂಡಲದ ಆಸುಪಾಸು. ಡಿಗ್ರಿಯ ನೂರನೇ ಒಂದೂವರೆ ಭಾಗದಿಂದ ಏನಾದೀತು? ಮಂಜುಗಡ್ಡೆಯ ಮೈಮೇಲೆ ಒತ್ತಡವಿಲ್ಲದೆಯೂ ದ್ರವದಂಥ ಬಲು ತೆಳುವಾದ ಪದರ ಇರುತ್ತದೆಂದು 1850ರಲ್ಲೇ ಮೈಕೆಲ್ ಫ್ಯಾರಡೆ ಸೂಚಿಸಿದ್ದ. ಆ ಪದರಕ್ಕೆ ಚಕ್ರ ಉಜ್ಜಿದ ಶಾಖವೂ ಸೇರುತ್ತದೆ. ಆದ್ದರಿಂದಲೇ ಕೊರೆಯುವ ಚಳಿಯ ಗಡ್ಡೆಗಿಂತ ಸೊನ್ನೆ ಡಿಗ್ರಿಯ ಸಮೀಪದ ಗಡ್ಡೆ ಹೆಚ್ಚು ಜಾರುತ್ತದೆ. ಸೆಪ್ಟೆಂಬರ್ ಕೊನೆಯ ಘಟ್ಟದಲ್ಲಿ ಸಿಗುವುದು ಹೆಚ್ಚಾಗಿ ಅದೇ.

ಇನ್ನು ಬ್ರೇಕಿನ ವಿಚಾರ. ಘರ್ಷಣಾಂಕ ಒಣ ಡಾಂಬರಿನಲ್ಲಿ 0.7ರಷ್ಟಿದ್ದರೆ, ಅದುಮಿದ ಹಿಮದಲ್ಲಿ 0.2, ಮಂಜುಗಡ್ಡೆಯಲ್ಲಿ 0.1 ಎಂದಿಟ್ಟುಕೊಳ್ಳೋಣ. ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ಗಾಡಿ ನಿಲ್ಲಲು ಬೇಕಾದ ದೂರ ಸಿಗುತ್ತದೆ. ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಮಟ್ಟಸ ರಸ್ತೆಯಲ್ಲಿ ಒಣಗಿದ್ದರೆ 7 ಮೀಟರ್, ಹಿಮದಲ್ಲಿ 25, ಮಂಜುಗಡ್ಡೆಯಲ್ಲಿ 51 ಮೀಟರ್. ಇಳಿಜಾರಿನಲ್ಲಿ? ಹತ್ತಕ್ಕೆ ಒಂದರಷ್ಟು ಇಳುಕಲಾದರೆ ಗುರುತ್ವ ಎಳೆಯುವ ಬಲ, ಘರ್ಷಣೆ ತಡೆಯುವ ಬಲ ಎರಡೂ ಸಮ. ಬ್ರೇಕ್ ಒತ್ತಿದರೂ ಗಾಡಿ ಅದೇ ವೇಗದಲ್ಲಿ ಹೋಗುತ್ತಲೇ ಇರುತ್ತದೆ. ಲೆಕ್ಕದಲ್ಲಿ ಗಾಡಿಯ ತೂಕ ಎಲ್ಲೂ ಬರಲಿಲ್ಲ ಎಂಬುದನ್ನು ಮಕ್ಕಳು ಗಮನಿಸಿರಬಹುದು. ‘ನಮ್ಮದು ಭಾರೀ ಗಾಡಿ, ಫೋರ್ ವ್ಹೀಲ್ ಡ್ರೈವ್’ ಎನ್ನುವ ತಂದೆಯರಿಗೆ ಅದನ್ನು ಅವರೇ ತೋರಿಸಿಕೊಡಲಿ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಕ್ಕರೆ ಹತ್ತಲು ಅನುಕೂಲ. ಇಳಿಯುವಾಗ ಬ್ರೇಕಿಗೆ ಅದರಿಂದ ಲಾಭವಿಲ್ಲ, ಬ್ರೇಕು ಎಲ್ಲ ಗಾಡಿಗಳಲ್ಲೂ ನಾಲ್ಕೂ ಚಕ್ರಕ್ಕೇ ಇರುತ್ತದೆ.

ಪಳಗಿದ ಚಾಲಕರು ಘಟ್ಟದ ನೆತ್ತಿಯಲ್ಲೇ ಮೊದಲ ಗೇರಿಗೆ ಇಳಿಸಿ, ಟೈರಿಗೆ ಸರಪಳಿ ಸುತ್ತಿ, ಆಮೆಯ ನಡಿಗೆಯಲ್ಲಿ ಇಳಿಯುತ್ತಾರೆ. ಹೊರಡುವುದೂ ಬಿಸಿಲು ರಸ್ತೆಗೆ ತಾಗಿದ ಮೇಲೆಯೇ. ತೀರ ತಡಮಾಡುವಂತೆಯೂ ಇಲ್ಲ: ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ತೊರೆಗಳು ಉಕ್ಕುತ್ತವೆ.

ತಾಯಂದಿರಿಗೆ ಒಂದು ಮಾತು. ಹಿಮದಲ್ಲಿ ಗಾಡಿ ಹೂತು ನಿಂತರೆ ಚಳಿಗೆಂದು ಗಾಜು ಏರಿಸಿ, ಎಂಜಿನ್ ಹಾಕಿ ಮಕ್ಕಳನ್ನು ಮಲಗಿಸುವುದು ಸಹಜ. ಹೊಗೆಕೊಳವೆಯ ಬಾಯಿ ಹಿಮದಿಂದ ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಮೊದಲು ಯಾರಾದರೂ ಇಳಿದು ಕೊಳವೆಯ ಸುತ್ತ ಹಿಮ ಬಗೆಯಬೇಕು. ಆಮೇಲೂ ಎಂಜಿನ್ನನ್ನು ಆಗಾಗ ಸ್ವಲ್ಪ ಹೊತ್ತು ಮಾತ್ರ ಓಡಿಸಿ, ಒಂದು ಗಾಜನ್ನು ಎರಡು ಬೆರಳಷ್ಟು ಇಳಿಸಿರಬೇಕು. ಕಂಬಳಿ, ನೀರು, ತಿಂಡಿ ಡಿಕ್ಕಿಯಲ್ಲಲ್ಲ, ಕೈಗೆಟುಕುವಲ್ಲಿರಲಿ.

ಅಂಥ ಚಳಿಯಲ್ಲಿ ರಾತ್ರಿ ಗಾಡಿ ನಿಲ್ಲಿಸುವ ಅನುಭವಿ ಚಾಲಕರು ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಒದ್ದೆಯಾದ ಬ್ರೇಕು ಬೆಳಗಿನ ಹೊತ್ತಿಗೆ ಹೆಪ್ಪುಗಟ್ಟಿ ಹಿಡಿದುಕೊಳ್ಳಬಹುದೆಂದು ಅವರಿಗೆ ಗೊತ್ತು. ಮಟ್ಟಸ ಜಾಗ ಹುಡುಕಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಒಂದು ದಪ್ಪ ಕಲ್ಲು ಒತ್ತಿಟ್ಟು ಮಲಗುತ್ತಾರೆ. ಬೆಳಿಗ್ಗೆ ಬಿಸಿಲು ದಾರಿಗಿಳಿದ ಮೇಲೆ ಆ ಕಲ್ಲನ್ನು ಕಾಲಿಂದ ಸರಿಸಿ ಹೊರಡುತ್ತಾರೆ.