ಬೇರಿಂಗ್ ಖರೀದಿ: ಬೆರಳ ತುದಿಯ ಪರೀಕ್ಷೆ ಸಾಲದು

ಸ್ಕೇಟ್‌ಬೋರ್ಡಿನ ಚಕ್ರವೊಂದಕ್ಕೆ ಎರಡರಂತೆ ಎಂಟು ಬೇರಿಂಗ್‌ಗಳಿರುತ್ತವೆ. ಒಳವ್ಯಾಸ 8 ಮಿ.ಮೀ., ಹೊರವ್ಯಾಸ 22 ಮಿ.ಮೀ., ಅಗಲ 7 ಮಿ.ಮೀ. ಅಳತೆಯ ಈ '608' ಪೀಣ್ಯದ ಸದಸ್ಯ ಬಾಂಧವರಿಗೆ ಅಪರಿಚಿತವೇನಲ್ಲ. ಸಣ್ಣ ಮೋಟಾರು, ಹಗುರ ರೋಲರ್‌ಗಳಲ್ಲಿಯೂ ಬಳಕೆಯಾಗುವುದು ಇದೇ. ವೈಟ್‌ಫೀಲ್ಡ್‌ನ ವಸತಿ ಸಮುಚ್ಚಯಗಳ ಹುಡುಗರು ಇದನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿ, ಹೆಚ್ಚು ಹೊತ್ತು ತಿರುಗಿದ್ದೇ ಉತ್ತಮವೆಂದು ತೀರ್ಮಾನಿಸುತ್ತಾರೆ. ಹುಡುಗರ ಮಾತು ಹಾಗಿರಲಿ, ನಮ್ಮ ಸ್ಟೋರ್ಸ್ ವಿಭಾಗಗಳಲ್ಲಿಯೂ ನಡೆಯುತ್ತಿರುವುದು ಇದೇ ಪರೀಕ್ಷೆಯಲ್ಲವೆ?

ತೆಳು ಎಣ್ಣೆಯ ಬೇರಿಂಗ್ ಕೈಯಲ್ಲಿ ಸರಾಗವಾಗಿ ತಿರುಗುತ್ತದೆ. ಗ್ರೀಸ್ ತುಂಬಿ ಎರಡೂ ಬದಿಗೆ ರಬ್ಬರ್ ಸೀಲ್ ಹಾಕಿದ್ದು ಬೇಗನೆ ನಿಲ್ಲುತ್ತದೆ. ಆದರೆ ಧೂಳಿನ ನಡುವೆ ಬಾಳುವುದು ಎರಡನೆಯದೇ. ನಮ್ಮ ಘಟಕದಲ್ಲಿ ಗ್ರೈಂಡಿಂಗ್ ಯಂತ್ರಗಳ ಪಕ್ಕದ ರೋಲರ್‌ಗಳಿಗೆ ಬಹುಕಾಲ ಲೋಹದ ಮುಚ್ಚಳದ 'ಝಡ್‌ಝಡ್' ಮಾದರಿಯನ್ನೇ ಹಾಕುತ್ತಿದ್ದೆವು. ಆ ಮುಚ್ಚಳ ಒಳಬಳೆಯನ್ನು ತಾಗುವುದಿಲ್ಲ. ಉಳಿದ ಸಂದಿನಲ್ಲಿ ಸಾಣೆಯ ಧೂಳು ನುಗ್ಗಿ ರೋಲರ್‌ಗಳು ಪದೇ ಪದೇ ಬಿಗಿದುಕೊಳ್ಳುತ್ತಿದ್ದವು. ಮಾಲು ಕಳಪೆಯೆಂದು ಪೂರೈಕೆದಾರರೊಡನೆ ಜಗಳವಾಡಿದ್ದೂ ಉಂಟು. ಕಡೆಗೆ ಕಡತ ತೆರೆದು ನೋಡಿದರೆ, ನಮ್ಮ ಖರೀದಿ ಆದೇಶದಲ್ಲಿದ್ದುದು '608' ಎಂಬ ಮೂರು ಅಂಕಿ ಮಾತ್ರ! '2ಆರ್‌ಎಸ್' ಎಂದು ಸೇರಿಸಲಾರಂಭಿಸಿದ ಮೇಲೆ ಜಗಳ ನಿಂತಿತು.

'ಎಬಿಇಸಿ 7' ಎಂಬ ಮುದ್ರೆಗೆ ಮರುಳಾಗುವುದು ಇನ್ನೊಂದು ದೌರ್ಬಲ್ಯ. ಐಎಸ್‌ಒ ಶ್ರೇಣಿಯ ಪಿ4ಕ್ಕೆ ಸಮನಾದ ಈ ದರ್ಜೆಯು ಅಳತೆಯ ಹಾಗೂ ತಿರುಗುವಿಕೆಯ ನಿಖರತೆಯನ್ನಷ್ಟೇ ಸೂಚಿಸುತ್ತದೆ. ಉಕ್ಕಿನ ಗುಣ, ಗ್ರೀಸ್, ಸೀಲ್, ಒಳಸಡಿಲಿಕೆಗಳ ಕುರಿತು ಅದು ಏನನ್ನೂ ಹೇಳದು. ನಿಖರ ಸ್ಪಿಂಡಲ್‌ಗೆ ಅದು ಅವಶ್ಯಕ. ತಳ್ಳುಗಾಡಿಯ ಚಕ್ರಕ್ಕೂ, ನೆಗೆದು ನೆಲಕ್ಕೆ ಅಪ್ಪಳಿಸುವ ಸ್ಕೇಟ್‌ಬೋರ್ಡಿಗೂ ವ್ಯರ್ಥ ವೆಚ್ಚ. ಅದಕ್ಕಿಂತ ಮೊದಲು ಭಾರವನ್ನು ಲೆಕ್ಕ ಹಾಕಬೇಕು. ಬಾಲ್ ಬೇರಿಂಗ್‌ನ ಮೇಲಿನ ಭಾರ ಇಮ್ಮಡಿಯಾದರೆ ಅದರ ಲೆಕ್ಕದ ಆಯುಷ್ಯ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಇಂತಹ ಕಡೆ ದರ್ಜೆ ಏರಿಸಿ ಫಲವಿಲ್ಲ, ಗಾತ್ರವನ್ನೇ ಏರಿಸಬೇಕು.

ವರ್ತಕ ಮಿತ್ರರಲ್ಲಿಯೂ ಒಂದು ಅರಿಕೆ. ಹೆಸರಾಂತ ಸಂಸ್ಥೆಗಳ ಹೆಸರಿನಲ್ಲಿ ನಕಲಿ ಬೇರಿಂಗ್ ಮಾರುಕಟ್ಟೆಗೆ ಬರುತ್ತಿರುವುದು ಗುಟ್ಟೇನಲ್ಲ. ಪೆಟ್ಟಿಗೆ ಅಸಲಿಯಂತೆಯೇ ಕಾಣುವುದರಿಂದ ಕಣ್ಣಳತೆಯನ್ನು ನಂಬುವಂತಿಲ್ಲ. ಬಿಲ್ಲಿನಲ್ಲಿ ತಯಾರಕರ ಹೆಸರು, ಸೀಲ್ ಮತ್ತು ಸಡಿಲಿಕೆಯ ಸಂಕೇತಗಳ ಸಮೇತ ಪೂರ್ಣ ಸಂಖ್ಯೆಯನ್ನು ನಮೂದಿಸುವ ಪದ್ಧತಿಯನ್ನು ವರ್ತಕರು ತಾವಾಗಿಯೇ ಆರಂಭಿಸಬೇಕು. ಹಾಗೆ ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ, ಬೆಲೆ ಎಷ್ಟೇ ಅಗ್ಗವಿರಲಿ, ನಮ್ಮ ಘಟಕ ಈಗ ಕೊಳ್ಳುತ್ತಿಲ್ಲ.