ಪರಿಚಿತರ ಚಾಕಲೇಟು

ಮಗು ಬೀದಿಗಿಳಿಯುವಾಗ ನಾವು ಕೊಡುವ ಎಚ್ಚರಿಕೆ ಒಂದೇ: 'ಗುರುತಿಲ್ಲದವರು ಚಾಕಲೇಟು ಕೊಟ್ಟರೆ ತಗೋಬೇಡ.' ಈ ಭಯ ನಮ್ಮಲ್ಲಿ ಎಷ್ಟು ಆಳವಾಗಿದೆಯೆಂದರೆ, 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ದಾರಿಯ ಮಕ್ಕಳಿಗೆ ಚಾಕಲೇಟು ಕೊಟ್ಟ ಗೆಳೆಯರ ತಂಡವೊಂದನ್ನು ಮಕ್ಕಳ ಕಳ್ಳರೆಂದು ತಿಳಿದು ಮುರ್ಕಿ ಗ್ರಾಮದ ಬಳಿ ಅಡ್ಡಗಟ್ಟಲಾಯಿತು. ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಅಪರಿಚಿತನ ಚಾಕಲೇಟಿಗೆ ನಾವು ಕೊಟ್ಟ ಶಿಕ್ಷೆ ಅದು. ಪರಿಚಿತ ಕೊಟ್ಟರೆ? 'ಮಾಮಾಗೆ ಥ್ಯಾಂಕ್ಸ್ ಹೇಳು' ಎಂದು ನಾವೇ ಮಗುವನ್ನು ಮುಂದಕ್ಕೆ ತಳ್ಳುತ್ತೇವೆ.

ಅಷ್ಟಕ್ಕೂ ಮಕ್ಕಳಿಗೆ ಅಪಾಯ ಇರುವುದು ಯಾರಿಂದ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2021 ಮತ್ತು 2022ರ ವರದಿಗಳ ಪ್ರಕಾರ, ಪೋಕ್ಸೊ ಕಾಯ್ದೆಯಡಿ ದಾಖಲಾದ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರೇ. ಇದರಲ್ಲಿ ಹದಿಹರೆಯದವರ ಪ್ರೇಮ ಪ್ರಕರಣಗಳೂ ಸೇರಿವೆ, ನಿಜ. ಅವನ್ನು ಬದಿಗಿಟ್ಟರೂ ಉಳಿಯುವವರು ಸಂಬಂಧಿಕರು, ನೆರೆಯವರು, ಮನೆಗೆ ಬಂದು ಹೋಗುವವರು. ನಾವು ಕಾವಲು ಕೂತಿರುವುದು ಮುಂಬಾಗಿಲಲ್ಲಿ; ಕಳ್ಳ ನಮ್ಮೊಂದಿಗೆ ಚಹಾ ಕುಡಿಯುತ್ತಿದ್ದಾನೆ.

ನಮ್ಮ ಕೋಲಾರ ಜಿಲ್ಲೆಯನ್ನೇ ನೋಡಿ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನಾಡನ್ನೇ ನಾಚಿಸಿತು. ಅದರ ಬೆನ್ನಿಗೇ ಇನ್ನೊಂದು ಆರೋಪ ಹೊರಬಿತ್ತು. ಅಲ್ಲಿನ ಚಿತ್ರಕಲಾ ಶಿಕ್ಷಕ ಬಟ್ಟೆ ಬದಲಿಸುವ ವಿದ್ಯಾರ್ಥಿನಿಯರನ್ನು ಮೊಬೈಲಿನಲ್ಲಿ ಗುಟ್ಟಾಗಿ ಸೆರೆಹಿಡಿಯುತ್ತಿದ್ದ ಎಂಬುದು ಆ ಆರೋಪ. ಪ್ರಕರಣ ರದ್ದು ಮಾಡಬೇಕೆಂದು ಆತ ಹೈಕೋರ್ಟಿನ ಮೆಟ್ಟಿಲೇರಿದ. 2024ರಲ್ಲಿ ಹೈಕೋರ್ಟು ಅದಕ್ಕೆ ಒಪ್ಪಲಿಲ್ಲ. ಆತನ ಬಳಿ ಐದು ಮೊಬೈಲುಗಳಿದ್ದವೆಂಬುದು ನ್ಯಾಯಾಲಯದ ಗಮನಕ್ಕೆ ಬಂದಿತ್ತು. ತಪ್ಪು ಸಾಬೀತಾಗಬೇಕಾದುದು ವಿಚಾರಣೆಯಲ್ಲಿ. ನಮ್ಮ ಪ್ರಶ್ನೆ ಬೇರೆಯೇ ಇದೆ. ಹೆಣ್ಣುಮಕ್ಕಳ ವಸತಿ ಇರುವ ಶಾಲೆಯಲ್ಲಿ ಒಬ್ಬ ಶಿಕ್ಷಕ ಐದು ಮೊಬೈಲು ಇಟ್ಟುಕೊಂಡಿದ್ದರೆ ಅದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲವೇ? 'ಮೇಷ್ಟ್ರು' ಎಂಬ ಒಂದು ಪದ ಎಲ್ಲರ ಕಣ್ಣನ್ನೂ ಮುಚ್ಚಿಸಿತೇ?

ಅಲ್ಲಿ ನಡೆದದ್ದು ಕದ್ದು ನೋಡಿದ ಆರೋಪ. ಇನ್ನೊಂದು ಬಗೆಯಿದೆ, ಅದು ನಿಧಾನವಾಗಿ, ಪ್ರೀತಿಯ ವೇಷದಲ್ಲಿ ನಡೆಯುತ್ತದೆ. ಮಗುವನ್ನು ಪಳಗಿಸುವುದು ಎನ್ನೋಣ. ಪಳಗಿಸುವವನು ಮೊದಲು ಪಳಗಿಸುವುದು ಮಗುವನ್ನಲ್ಲ, ನಮ್ಮನ್ನು. ಕೋಲಾರದ ಟೊಮೆಟೊ ಮಂಡಿಗೆ ನಸುಕಿನಲ್ಲೇ ಹೊರಡುವ ತಂದೆ, ಮಾಲೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ತಾಯಿ, ಶ್ರೀನಿವಾಸಪುರದ ಮಾವಿನ ಸುಗ್ಗಿಯಲ್ಲಿ ಮನೆಯನ್ನೇ ಮರೆಯುವ ಕುಟುಂಬ, ಮುಳಬಾಗಿಲಿನಿಂದ ಗಡಿಯಾಚೆಗೆ ಲಾರಿ ಓಡಿಸುವ ಚಾಲಕ, ಇವರೆಲ್ಲರ ಮಕ್ಕಳನ್ನು ಯಾರಾದರೂ ನೋಡಿಕೊಳ್ಳಲೇಬೇಕು. ಆಗ ಒಬ್ಬ ಬರುತ್ತಾನೆ. ಟ್ಯೂಷನ್ ಫೀಸು ಬೇಡ ಎನ್ನುತ್ತಾನೆ. ಬೈಕಿನಲ್ಲಿ ಶಾಲೆಗೆ ಬಿಡುತ್ತಾನೆ. ಬಾಡಿಗೆಗೆ ಕಮ್ಮಿ ಬಿದ್ದಾಗ ಕೈಸಾಲ ಕೊಡುತ್ತಾನೆ. ಹೀಗೆ ಮಾಡುವವರೆಲ್ಲ ಕೆಟ್ಟವರಲ್ಲ; ಹೆಚ್ಚಿನವರು ಒಳ್ಳೆಯವರೇ. ಹಾಗಾದರೆ ಗುರುತಿಸುವುದು ಹೇಗೆ?

ಒಳ್ಳೆಯವನು ಮಗುವಿನ ಜೊತೆ ಒಂಟಿಯಾಗಿರಲು ಹವಣಿಸುವುದಿಲ್ಲ. ಹತ್ತು ಮಕ್ಕಳಲ್ಲಿ ಒಂದನ್ನೇ ಆರಿಸಿ ಅದಕ್ಕೆ ಮಾತ್ರ ಉಡುಗೊರೆ, ಹಣ, ಮೊಬೈಲು ಕೊಡುವುದಿಲ್ಲ. 'ಅಮ್ಮನಿಗೆ ಹೇಳಬೇಡ' ಎಂಬ ಗುಟ್ಟು ಹುಟ್ಟಿಸುವುದಿಲ್ಲ. ರಾತ್ರಿ ಹೊತ್ತು ಮಗುವಿಗೆ ಸಂದೇಶ ಕಳಿಸಿ ಅಳಿಸಿಹಾಕು ಎನ್ನುವುದಿಲ್ಲ. ಕಚಗುಳಿ, ಕುಸ್ತಿ ಎಂದು ಮುಟ್ಟುತ್ತಾ, ಮಗು ಬೇಡವೆಂದರೂ ನಗುತ್ತಾ ಮುಂದುವರಿಸುವುದಿಲ್ಲ. 'ನಿಮ್ಮಪ್ಪನಿಗೆ ನೀನೆಂದರೆ ಅಷ್ಟಕ್ಕಷ್ಟೆ, ನಿನ್ನನ್ನು ಅರ್ಥ ಮಾಡಿಕೊಂಡವನು ನಾನೊಬ್ಬನೇ' ಎನ್ನುವುದಿಲ್ಲ. ನಾವು ಒಂದು ಗೆರೆ ಎಳೆದರೆ, ಉದಾಹರಣೆಗೆ 'ಬಾಗಿಲು ತೆರೆದಿಟ್ಟು ಪಾಠ ಮಾಡಿ' ಎಂದರೆ, ಒಳ್ಳೆಯವನು ಸರಿ ಎನ್ನುತ್ತಾನೆ. ಇನ್ನೊಬ್ಬ ಸಿಡುಕುತ್ತಾನೆ, ಇಲ್ಲವೇ ಬೇರೆ ದಾರಿ ಹುಡುಕುತ್ತಾನೆ.

ಮಗುವೂ ಹೇಳುತ್ತಿರುತ್ತದೆ, ಬಾಯಿಂದಲ್ಲ ಅಷ್ಟೆ. ಕುಣಿಯುತ್ತಾ ಹೋಗುತ್ತಿದ್ದ ಟ್ಯೂಷನ್ ದಿಢೀರನೆ ಬೇಡವೆನ್ನುತ್ತದೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುತ್ತದೆ. ಕೈಯಲ್ಲಿ ಲೆಕ್ಕವಿಲ್ಲದ ಹಣ ಕಾಣುತ್ತದೆ. ನಿದ್ದೆಯಲ್ಲಿ ಬೆಚ್ಚುತ್ತದೆ, ವಯಸ್ಸಿಗೆ ಮೀರಿದ ಮಾತಾಡುತ್ತದೆ. ಇವುಗಳಲ್ಲಿ ಯಾವುದೋ ಒಂದು ಕಂಡಿತೆಂದು ಯಾರ ಮೇಲೂ ಅಪವಾದ ಹೊರಿಸಬೇಕಿಲ್ಲ. ಪಕ್ಕದಲ್ಲಿ ಕೂತು ಕೇಳಬೇಕು. ಆದರೆ ನಾವು ಮಾಡುವುದೇನು? 'ಹಜರತ್‌ಗೆ ಎದುರಾಡುತ್ತೀಯಾ? ಮೇಷ್ಟ್ರ ಮೇಲೆ ಚಾಡಿ ಹೇಳುತ್ತೀಯಾ?' ಎಂದು ಎರಡೇಟು ಹಾಕಿ ಅಲ್ಲಿಗೇ ಕಳಿಸುತ್ತೇವೆ. ಆ ಏಟಿನ ನಂತರ ಮಗು ಮತ್ತೆ ಬಾಯಿ ಬಿಡುತ್ತದೆಯೇ?

ಗಂಡು ಮಗುವಿಗೇನು ಆಗುತ್ತದೆ ಎಂಬ ಉಡಾಫೆ ಇನ್ನೊಂದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೈಂಗಿಕ ಕಿರುಕುಳ ಹೇಳಿಕೊಂಡವರ ಪೈಕಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಗಂಡು ಮಕ್ಕಳೇ. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಇನ್ನು ವಿಷಯ ಹೊರಬಿದ್ದಾಗಿನ ನಮ್ಮ ವರ್ತನೆ. ಹಿರಿಯರು ಸೇರುತ್ತಾರೆ. ಮನೆತನದ ಮಾನ, ಶಾಲೆಯ ಹೆಸರು, ಮಸೀದಿ-ಮಂದಿರ-ಚರ್ಚುಗಳ ಗೌರವ ಎಲ್ಲವೂ ಚರ್ಚೆಗೆ ಬರುತ್ತವೆ, ಮಗುವೊಂದನ್ನು ಬಿಟ್ಟು. ಆತನನ್ನು ಬೇರೆ ಊರಿಗೆ ಕಳಿಸಿದರೆ ಮುಗಿಯಿತು ಎಂದು ಎದ್ದು ಬರುತ್ತಾರೆ. ಬೇರೆ ಊರಿನಲ್ಲಿ ಮಕ್ಕಳಿಲ್ಲವೇ? ಇನ್ನೊಬ್ಬರ ಐಬು ಮುಚ್ಚಬೇಕೆಂದು ಧರ್ಮ ಹೇಳಿದೆಯಲ್ಲ ಎಂದು ವಾದಿಸುವವರು ನಮ್ಮಲ್ಲಿದ್ದಾರೆ. ಒಬ್ಬನ ಖಾಸಗಿ ದೌರ್ಬಲ್ಯವನ್ನು ಬೀದಿಗೆ ಎಳೆಯಬಾರದು ಎಂಬುದಕ್ಕೂ, ಮಗುವಿನ ಮೇಲಿನ ಅಪರಾಧವನ್ನು ಅಡಗಿಸುವುದಕ್ಕೂ ಅಜಗಜಾಂತರವಿದೆ. ಮೊದಲನೆಯದು ಸಭ್ಯತೆ. ಎರಡನೆಯದು ಅನ್ಯಾಯಕ್ಕೆ ಕೊಡುವ ನೆರವು.

ಕಾನೂನೂ ಇದನ್ನು ಒಪ್ಪುವುದಿಲ್ಲ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲಾಗಬಹುದು. ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ದೂರು ಕೊಟ್ಟವರಿಗೆ ರಕ್ಷಣೆಯಿದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೇ, ಸಮವಸ್ತ್ರವಿಲ್ಲದ ಪೊಲೀಸರು ಪಡೆಯಬಹುದು. ಮಗುವಿನ ಗುರುತು ಪತ್ರಿಕೆಯಲ್ಲಿ ಬರುವಂತಿಲ್ಲ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲಿನ ಪ್ರಕರಣವನ್ನು, ಬಾಲಕಿಯ ತಂದೆಯ ಜೊತೆ ರಾಜಿಯಾಗಿದೆ ಎಂಬ ಕಾರಣಕ್ಕೆ ಅಲ್ಲಿನ ಹೈಕೋರ್ಟು ರದ್ದುಪಡಿಸಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನೇ ತಳ್ಳಿಹಾಕಿತು. ಮಗುವಿಗಾದ ಅನ್ಯಾಯಕ್ಕೆ ರಾಜಿ ಮಾಡಿಕೊಳ್ಳುವ ಹಕ್ಕು ಹೆತ್ತ ತಂದೆಗೂ ಇಲ್ಲವೆಂದ ಮೇಲೆ ಜಮಾತಿಗೆ, ಪಂಚಾಯಿತಿಗೆ ಎಲ್ಲಿಂದ ಬಂತು?

ಆದ್ದರಿಂದ ಮಗು ಹೇಳಿದರೆ ನಂಬೋಣ. ಬೈಯುವುದು ಬೇಡ, ಹತ್ತು ಜನರ ಮುಂದೆ ನಿಲ್ಲಿಸಿ ಹತ್ತು ಸಲ ಹೇಳಿಸುವುದೂ ಬೇಡ. ತಪ್ಪು ನಿನ್ನದಲ್ಲ ಎನ್ನೋಣ. 1098ಕ್ಕೆ ಕರೆ ಮಾಡೋಣ. ಟ್ಯೂಷನ್ನಿರಲಿ, ಮದ್ರಸವಿರಲಿ, ಹಾಸ್ಟೆಲ್ಲಿರಲಿ, ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ದೊಡ್ಡವರು ಒಬ್ಬರೇ ಇರಬಾರದೆಂಬ ನಿಯಮವನ್ನು ನಾವೇ ಕೇಳಿ ಮಾಡಿಸೋಣ. ಇದರಿಂದ ಒಳ್ಳೆಯ ಗುರುವಿಗೆ ಅವಮಾನವಾಗುವುದಿಲ್ಲ. ಸುಳ್ಳು ಆರೋಪದಿಂದ ಅವರಿಗೂ ರಕ್ಷಣೆ ಸಿಗುತ್ತದೆ.

ಈ ಸಂಜೆ ಮಗು ಮನೆಗೆ ಬಂದಾಗ 'ಇವತ್ತು ಎಷ್ಟು ಮಾರ್ಕ್ಸ್ ಬಂತು' ಎಂದು ಕೇಳುವ ಮೊದಲು 'ಯಾರ ಜೊತೆ ಇದ್ದೆ, ಖುಷಿಯಾಗಿದ್ದೆಯಾ' ಎಂದು ಕೇಳೋಣ. ಉತ್ತರ ಬರುವವರೆಗೆ ಮೊಬೈಲು ಕೆಳಗಿಟ್ಟು ಕೂರೋಣ.