ಸರ್ನ್: ಒಂದು ಅಂಕದ ಪ್ರಶ್ನೆಯಷ್ಟೇ ಅಲ್ಲ

ಕೂಡ್ಲಿಗಿಯ ಗ್ರಂಥಾಲಯಕ್ಕೆ ಬೆಳಿಗ್ಗೆ ಹತ್ತು ದಾಟಿ ಹೋದರೆ ಕುರ್ಚಿ ಸಿಗುವುದಿಲ್ಲ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಗೆಳತಿಯರೂ ಇದೇ ಮಾತು ಹೇಳುತ್ತಾರೆ. ಪಿಡಿಒ, ಪೊಲೀಸ್, ಎಫ್‌ಡಿಎ ಎನ್ನುತ್ತ, 371ಜೆ ಪ್ರಮಾಣಪತ್ರವನ್ನು ಫೈಲಿನಲ್ಲಿಟ್ಟುಕೊಂಡು ಓದುವವರ ಸಾಲು. ಅದರಲ್ಲಿ ನಾನೂ ಒಬ್ಬಳು.

ಕಳೆದ ತಿಂಗಳು ಐದು ಜನ ಸೇರಿ ಮಾದರಿ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದೆವು. ‘ಭಾರತವು ಸರ್ನ್ ಸಂಸ್ಥೆಯ ಸಹ ಸದಸ್ಯ ರಾಷ್ಟ್ರವಾದ ವರ್ಷ ಯಾವುದು?’ ಎಂಬ ಪ್ರಶ್ನೆ ಬಂತು. ಎಲ್ಲರೂ ಒಟ್ಟಿಗೆ ‘2017’ ಎಂದೆವು, ಟಿಕ್ ಹಾಕಿ ಮುಂದೆ ಹೋದೆವು. ಸದಸ್ಯರಾದರೆ ನಮಗೇನು ಬಂತು ಎಂದು ಯಾರೂ ಕೇಳಲಿಲ್ಲ. ಮೂರು ವರ್ಷ ಬಿ.ಎಸ್ಸಿಯಲ್ಲಿ ಭೌತಶಾಸ್ತ್ರ ಓದಿದ ನಾನೂ ಕೇಳಲಿಲ್ಲ. ರಾತ್ರಿ ಮಲಗಿದಾಗ ಅದೇ ಕೊರೆಯತೊಡಗಿತು.

ಸರ್ನ್ ಇರುವುದು ಜಿನೀವಾ ನಗರದ ಪಕ್ಕ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿ. ಅಲ್ಲಿ ನೆಲದಡಿ 27 ಕಿ.ಮೀ. ಸುತ್ತಳತೆಯ ಸುರಂಗವಿದೆ. ಪ್ರೋಟಾನ್‌ಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡಿಸಿ ಡಿಕ್ಕಿ ಹೊಡೆಸುತ್ತಾರೆ. 2012ರಲ್ಲಿ ಹಿಗ್ಸ್ ಬೋಸಾನ್ ಸಿಕ್ಕಿದ್ದು ಹೀಗೆಯೇ. ಪ್ರೋಟಾನ್‌ಗಳ ದಾರಿ ಬಾಗಿಸಲು 15 ಮೀಟರ್ ಉದ್ದದ, 35 ಟನ್ ತೂಗುವ 1,232 ಕಾಂತಗಳಿವೆ. ಸುರಂಗದ ಕಾಂತಗಳನ್ನು ಹೊತ್ತು ನಿಂತ ಸುಮಾರು 7,000 ಜಾಕಿಗಳು ಹೋಗಿದ್ದು ಭಾರತದಿಂದ! ಹೌದು, ಲಾರಿ ಪಂಕ್ಚರ್ ಆದಾಗ ಹಚ್ಚುತ್ತಾರಲ್ಲ, ಅದರ ಜಾತಿಯದೇ ಜಾಕಿ. ಆದರೆ ಇವು ಆ ಭಾರವನ್ನು ಮಿಲಿಮೀಟರಿಗಿಂತ ಸಣ್ಣ ಲೆಕ್ಕದಲ್ಲಿ ಸರಿಸಬೇಕು. ಇದನ್ನು ಓದಿದಾಗ ಐಟಿಐ ಫಿಟ್ಟರ್ ಓದಿದ ನಮ್ಮೂರ ಹುಡುಗರು ನೆನಪಾದರು.

ಇದೆಲ್ಲ ಶ್ರೀಮಂತ ದೇಶಗಳ ಕೆಲಸ ಎನ್ನುವವರಿಗೆ ಕೋಲಾರದ ಕಥೆ ಹೇಳಬೇಕು. ಕೆಜಿಎಫ್ ಅಂದರೆ ನಮ್ಮ ವಯಸ್ಸಿನವರಿಗೆ ಯಶ್ ಸಿನಿಮಾ. ಗಣಿ ಅಂದರೆ ಅದಿರು ಲಾರಿ, ಕೆಂಪು ಧೂಳು. ಆದರೆ 1951ರಲ್ಲೇ ಹೋಮಿ ಭಾಭಾ ಅವರ ಸೂಚನೆಯಂತೆ ನಮ್ಮ ಕನ್ನಡಿಗ ಬಿ.ವಿ. ಶ್ರೀಕಂಠನ್ ಉಪಕರಣ ಹಿಡಿದು ಆ ಚಿನ್ನದ ಗಣಿಗೆ ಇಳಿದಿದ್ದರು. ಆಕಾಶದಿಂದ ಸುರಿಯುವ ಕಣಗಳನ್ನೆಲ್ಲ ಮೇಲಿನ ಬಂಡೆ ತಡೆಯುತ್ತದೆ. ಬಂಡೆಯನ್ನೂ ದಾಟಿ ಬರುವುದು ನ್ಯೂಟ್ರಿನೊ. ಅದಕ್ಕೇ ಆಳ ಬೇಕು. 1965ರಲ್ಲಿ, ಅಮೆರಿಕದ ಗೋಧಿ ಹಡಗು ಕಾಯುತ್ತಿದ್ದ ದೇಶ ನಮ್ಮದು. ಆಗ ಮುಂಬೈನ ಟಿಐಎಫ್‌ಆರ್, ಇಂಗ್ಲೆಂಡಿನ ಡರ್ಹ್ಯಾಮ್, ಜಪಾನಿನ ಒಸಾಕಾದ ವಿಜ್ಞಾನಿಗಳು ಸುಮಾರು 2.3 ಕಿ.ಮೀ. ಆಳದಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ಇನ್ನೊಂದು ತಂಡಕ್ಕೂ ಸಿಕ್ಕವು. ಜಗತ್ತಿನಲ್ಲಿ ಮೊದಲು ಕಂಡಿದ್ದು ಈ ಎರಡೇ ಕಡೆ. ನಮ್ಮ ಹತ್ತಿರ ದುಡ್ಡಿರಲಿಲ್ಲ, ಆಳದ ಗಣಿಯಿತ್ತು, ಅಲ್ಲಿ ಇಳಿದು ದುಡಿಯುವ ಜನರಿದ್ದರು.

1990ರ ದಶಕದ ಆರಂಭದಲ್ಲಿ ಆ ಪ್ರಯೋಗಾಲಯ ಮುಚ್ಚಿತು, 2001ರಲ್ಲಿ ಗಣಿಯೂ ಮುಚ್ಚಿತು. ಜಪಾನಿನವರು ಕಾಮಿಯೋಕಾ ಎಂಬಲ್ಲಿ ಇನ್ನೊಂದು ಗಣಿಯೊಳಗೆ ನ್ಯೂಟ್ರಿನೊ ಹುಡುಕುತ್ತಲೇ ಹೋದರು. 2015ರ ನೊಬೆಲ್‌ನಲ್ಲಿ ಪಾಲು ಪಡೆದರು. ನನಗೆ ಇದು ಇಂದಿಗೂ ಹೊಟ್ಟೆ ಉರಿಸುವ ಸಂಗತಿ.

ಎಸ್ಟೋನಿಯಾ ಎಂಬ ಪುಟ್ಟ ದೇಶವನ್ನೇ ನೋಡಿ. ಜನಸಂಖ್ಯೆ ಹದಿನಾಲ್ಕು ಲಕ್ಷವೂ ಇಲ್ಲ. 2011ರ ಜನಗಣತಿಯಲ್ಲಿ ನಮ್ಮ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲೇ 24 ಲಕ್ಷ ಜನರಿದ್ದರು. ಆ ದೇಶ 2024ರಲ್ಲಿ ಸರ್ನ್‌ನ ಪೂರ್ಣ ಸದಸ್ಯನಾಯಿತು. ಕೊಟ್ಟೂರೇಶ್ವರನ ತೇರಿಗೆ ಮಿಣಿ ಹಿಡಿದವರೆಲ್ಲ ತೇರೆಳೆದವರೇ, ಅವರ ಮೈಕಟ್ಟು ಯಾರೂ ಅಳೆಯುವುದಿಲ್ಲ.

‘ಜನ ಗುಳೆ ಹೋಗೋ ಊರಾಗೆ ಇದಕ್ಕೆಲ್ಲ ಯಾಕವ್ವ ದುಡ್ಡು?’ ಎಂದರು ನಮ್ಮ ದೊಡ್ಡಪ್ಪ. ಸರಿಯಾದ ಪ್ರಶ್ನೆಯೇ. ಆದರೆ ಸದಸ್ಯತ್ವದ ಹಣ ವರ್ಷವೂ ನಮ್ಮ ತೆರಿಗೆಯಿಂದ ಹೋಗುತ್ತಿದೆ. ಅದರ ಫಲ ಬೆಂಗಳೂರು, ಮುಂಬೈ ಮಕ್ಕಳಿಗಷ್ಟೇ ಸಿಗಬೇಕೋ, ನಮಗೂ ಸಿಗಬೇಕೋ ಎಂಬುದು ನನ್ನ ಪ್ರಶ್ನೆ. ಸಹ ಸದಸ್ಯ ದೇಶದವರು ಅಲ್ಲಿನ ನಿಗದಿತ ಅವಧಿಯ ಹುದ್ದೆಗಳಿಗೆ, ಹೊಸ ಪದವೀಧರರ ತರಬೇತಿಗೆ ಅರ್ಜಿ ಹಾಕಬಹುದು. ಅಲ್ಲಿನ ಸಿಬ್ಬಂದಿಯಲ್ಲಿ ಭೌತವಿಜ್ಞಾನಿಗಳಿಗಿಂತ ಎಂಜಿನಿಯರು, ತಂತ್ರಜ್ಞರೇ ಹೆಚ್ಚು. ಪೈಪೋಟಿ ಜೋರು, ಇಂಗ್ಲಿಷೂ ಬೇಕು, ನಿಜ. ಒಂದು ಪಿಡಿಒ ಹುದ್ದೆಗೆ ಇರುವ ಪೈಪೋಟಿ ಏನು ಕಡಿಮೆಯೇ?

ನಾನು ಓದಿದ ಕಾಲೇಜಿನಲ್ಲಿ ಮೂರು ವರ್ಷದಲ್ಲಿ ಒಮ್ಮೆಯೂ ಇಂಥ ಅವಕಾಶದ ಒಂದು ಚೀಟಿ ನೋಟಿಸ್ ಬೋರ್ಡಿಗೆ ಬರಲಿಲ್ಲ. ಸರ್ನ್ ದೂರದ ಮಾತಾಯಿತು; ನಮ್ಮದೇ ವಿಜ್ಞಾನ ಅಕಾಡೆಮಿಗಳು ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಐಐಎಸ್‌ಸಿಯಂಥ ಸಂಸ್ಥೆಯಲ್ಲಿ ಕೆಲಸ ಕಲಿಯಬಹುದು, ಪ್ರಯಾಣದ ಖರ್ಚು, ಭತ್ಯೆ ಎರಡೂ ಸಿಗುತ್ತವೆ. ಅದು ನನಗೆ ಗೊತ್ತಾಗಿದ್ದು ಪದವಿ ಮುಗಿದ ಮೇಲೆ. ವಿದ್ಯಾರ್ಥಿಯಲ್ಲದವಳು ಅರ್ಜಿ ಹಾಕುವಂತಿಲ್ಲ.

ತಮ್ಮ ಹರಪನಹಳ್ಳಿಯಲ್ಲಿ ಬಿ.ಎಸ್ಸಿ ಎರಡನೇ ವರ್ಷ. ಅವನಿಂದ ಅರ್ಜಿ ಹಾಕಿಸುತ್ತಿದ್ದೇನೆ. ಮೇಷ್ಟರ ಶಿಫಾರಸು ಪತ್ರ ಬೇಕು. ಅತಿಥಿ ಉಪನ್ಯಾಸಕರೊಬ್ಬರು ಬರೆದುಕೊಡುತ್ತೇನೆ ಎಂದಿದ್ದಾರೆ. ಇಷ್ಟು ವರ್ಷದಲ್ಲಿ ಅವರನ್ನು ಇಂಥ ಪತ್ರ ಕೇಳಿದ ಮೊದಲ ಹುಡುಗ ಇವನೇ ಅಂತೆ.